ನೋವಿದ್ದ ಮನೆಗೆ ನೆರೆಯವರ ದಾರಿ

ಜೂನ್ ತಿಂಗಳ ಮೊದಲ ವಾರ. ಕೇರಳದಲ್ಲಿ ಶಾಲೆಗಳು ತೆರೆಯುವ ದಿನವೂ ಮುಂಗಾರು ಇಳಿಯುವ ದಿನವೂ ಹೆಚ್ಚುಕಡಿಮೆ ಒಂದೇ. ಮಲಪ್ಪುರಂ ಜಿಲ್ಲೆಯ ಓಣಿಗಳಲ್ಲಿ ಮಕ್ಕಳು ಸಾಲುಗಟ್ಟಿ ಶಾಲೆಯ ಕಡೆಗೆ ಹೊರಟಿರುವ ಹೊತ್ತಿಗೆ ಎದುರಿನಿಂದ ಒಂದು ಜೀಪು ಕೆಸರು ಸಿಡಿಸಿಕೊಂಡು ಬರುತ್ತದೆ. ಒಳಗೆ ಒಬ್ಬ ನರ್ಸ್. ಅವರ ಪಕ್ಕದಲ್ಲಿ ನಿವೃತ್ತ ಮೇಷ್ಟರೊಬ್ಬರು, ದಿನಸಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದ ವ್ಯಾಪಾರಿಯೊಬ್ಬರು, ಬೆಳಗಿನ ಅಡುಗೆ ಮುಗಿಸಿ ಬಂದ ಗೃಹಿಣಿಯೊಬ್ಬರು. ಕಾಲ ಬಳಿ ಒಂದು ದೊಡ್ಡ ಚೀಲ. ಈ ಜೀಪು ಹೋಗುವುದು ಆಸ್ಪತ್ರೆಗಲ್ಲ. ‘ಇನ್ನು ಇಲ್ಲಿ ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ಆಸ್ಪತ್ರೆಯವರು ಹೇಳಿ ಕಳುಹಿಸಿದವರ ಮನೆಗೆ.

ಆ ಮಾತನ್ನು ಕೇಳಿದ ಮನೆಗಳು ನಮ್ಮ ದೇಶದಲ್ಲಿ ಎಷ್ಟಿಲ್ಲ! ರೋಗ ವಾಸಿಯಾಗುವುದಿಲ್ಲ ಎಂದ ಮಾತ್ರಕ್ಕೆ ನೋವು ನಿಲ್ಲುವುದಿಲ್ಲ. ಹುಣ್ಣು ಒಣಗುವುದಿಲ್ಲ, ಉಸಿರಾಟದ ತೊಂದರೆ ಕಡಿಮೆಯಾಗುವುದಿಲ್ಲ. ದುಡಿಯುವ ಕೈ ಹಾಸಿಗೆ ಹಿಡಿದಿದ್ದರೆ ಅಕ್ಕಿ ಡಬ್ಬ ಖಾಲಿಯಾಗುತ್ತದೆ, ದೊಡ್ಡ ಮಗಳು ಶಾಲೆ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಇವೆಲ್ಲ ಆಸ್ಪತ್ರೆಯ ಕಡತದಲ್ಲಿ ಬರುವ ವಿಷಯಗಳಲ್ಲ. ಉತ್ತರ ಕೇರಳದ ಜನ ಇವೆಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ, ಅದಕ್ಕೊಂದು ಸಂಘಟನೆ ಕಟ್ಟಿಕೊಂಡರು. ಅದರ ಹೆಸರು ‘ನೈಬರ್‌ಹುಡ್ ನೆಟ್‌ವರ್ಕ್ ಇನ್ ಪ್ಯಾಲಿಯೇಟಿವ್ ಕೇರ್’, ಅಂದರೆ ನೆರೆಹೊರೆಯವರ ಉಪಶಮನ ಆರೈಕೆಯ ಜಾಲ. ಹಳ್ಳಿಯ ಅಜ್ಜಿಯರ ಬಾಯಲ್ಲಿ ಇಷ್ಟುದ್ದದ ಹೆಸರು ಉಳಿಯಲಿಲ್ಲ. ‘ಪ್ಯಾಲಿಯೇಟಿವ್‌ನವರು ಬಂದರು’ ಎಂದರೆ ಸಾಕು, ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

‘ಪ್ಯಾಲಿಯೇಟಿವ್’ ಎಂಬ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ಪ್ಯಾಲಿಯಂ’ ಎಂಬುದರಿಂದ. ಹಾಗೆಂದರೆ ಮೈಮೇಲೆ ಹೊದೆಯುವ ಬಟ್ಟೆ, ಮೇಲುಹೊದಿಕೆ. ಚಳಿಯನ್ನು ಹೊದಿಕೆ ಇಲ್ಲವಾಗಿಸುವುದಿಲ್ಲ. ಹೊದ್ದವನಿಗೆ ಚಳಿ ತಟ್ಟದಂತೆ ನೋಡಿಕೊಳ್ಳುತ್ತದೆ. ಈ ಆರೈಕೆಯ ಆಧುನಿಕ ರೂಪಕ್ಕೆ ತಳಹದಿ ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆಯಾದ ಈಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ನೋವೆಂದರೆ ದೇಹದ್ದು ಮಾತ್ರವಲ್ಲ, ಮನಸ್ಸಿನದು, ಮನೆಯದು, ನಂಬಿಕೆಯದು ಎಲ್ಲವೂ ಕೂಡಿದ್ದು ಎಂಬ ವಿಚಾರ ಅವರದು.

ಅಲ್ಲಿಂದ ಕೋಯಿಕ್ಕೋಡಿಗೆ, ಅಂದರೆ ಹಿಂದಿನ ಕಲ್ಲಿಕೋಟೆಗೆ, ಈ ವಿಚಾರ ಬಂದು ಬೇರೂರಿದ್ದು 1993ರಲ್ಲಿ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಅರಿವಳಿಕೆ ತಜ್ಞ ಡಾ. ಎಂ. ಆರ್. ರಾಜಗೋಪಾಲ್, ಅವರ ಕಿರಿಯ ಸಹೋದ್ಯೋಗಿ ಡಾ. ಕೆ. ಸುರೇಶ್ ಕುಮಾರ್ ಮತ್ತು ವೈದ್ಯರಲ್ಲದ ಸ್ವಯಂಸೇವಕ ಅಶೋಕ್ ಕುಮಾರ್ ಸೇರಿ ‘ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ’ಯನ್ನು ನೋಂದಾಯಿಸಿದರು. ಅರಿವಳಿಕೆ ತಜ್ಞರಿಗೆ ನೋವಿನ ನರ ಯಾವುದೆಂದು ಗೊತ್ತು. ಸೂಜಿ ಚುಚ್ಚಿ ಅದನ್ನು ಮರಗಟ್ಟಿಸುವುದೂ ಗೊತ್ತು. ಆದರೆ ರೋಗಿ ಮನೆಗೆ ಹೋದ ಮೇಲೆ ಏನಾಗುತ್ತಾನೆ ಎಂಬುದು ಸೂಜಿಗೆ ತಿಳಿಯುವ ವಿಷಯವಲ್ಲ. ಇದು ಬಹಳ ಬೇಗ ಅವರ ಅರಿವಿಗೆ ಬಂತು. ದೂರದ ಹಳ್ಳಿಗಳಿಂದ ಕ್ಯಾನ್ಸರ್ ರೋಗಿಯನ್ನು ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ಕೋಯಿಕ್ಕೋಡಿನ ತನಕ ತರುವುದೇ ಒಂದು ಶಿಕ್ಷೆ. ರೋಗಿ ಬರಲಾಗದಿದ್ದರೆ ಔಷಧವೇ ಅವನ ಬಳಿಗೆ ಹೋಗಬೇಕು. ಹೋಗುವವರು ಯಾರು? ಪ್ರತಿ ಊರಿಗೂ ಒಬ್ಬ ವೈದ್ಯನನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಗೆ ಸಿಕ್ಕ ಉತ್ತರವೇ ನೆರೆಹೊರೆಯ ಜಾಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಇದು ರೂಪುಗೊಂಡಿತು. ವಾರಕ್ಕೆ ಕನಿಷ್ಠ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಯಾರೇ ಆಗಲಿ, ಹೆಸರು ಕೊಡಬಹುದು. ಅವರಿಗೆ 16 ಗಂಟೆಗಳ ತರಗತಿ. ಆಮೇಲೆ ಅನುಭವಸ್ಥರ ಜೊತೆ ನಾಲ್ಕು ದಿನ ರೋಗಿಗಳ ನಡುವೆ ಕೆಲಸ. ಇಷ್ಟಾದ ಮೇಲೆ ಒಂದೊಂದು ಊರಿನಲ್ಲಿ ಹತ್ತು ಹದಿನೈದು ಮಂದಿ ಗುಂಪು ಕಟ್ಟಿಕೊಂಡು, ತಮ್ಮ ಊರಿನ ದೀರ್ಘಕಾಲದ ರೋಗಿಗಳು ಯಾರು, ಅವರಿಗೆ ಬೇಕಾದದ್ದೇನು ಎಂದು ತಾವೇ ಹುಡುಕುತ್ತಾರೆ. ವೈದ್ಯರೂ ನರ್ಸುಗಳೂ ಈ ಗುಂಪಿಗೆ ನೆರವಾಗುತ್ತಾರೆಯೇ ಹೊರತು ಗುಂಪು ಅವರ ಕೈಕೆಳಗೆ ಇಲ್ಲ. ಮೊದಮೊದಲು ಕೆಲವು ತಜ್ಞರಿಗೆ ಇದು ಹಿಡಿಸಲಿಲ್ಲ. ಅಂಗಡಿಯವನಿಗೂ ಮೇಷ್ಟರಿಗೂ ಕ್ಯಾನ್ಸರ್ ರೋಗಿಯ ಆರೈಕೆಯಲ್ಲಿ ಏನು ಕೆಲಸ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ರೋಗಿಯ ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ವೈದ್ಯರು ಬೇಕಾಗುವುದು ಎಷ್ಟು ನಿಮಿಷ, ಮನುಷ್ಯರು ಬೇಕಾಗುವುದು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಮಳೆಗಾಲದ ಮನೆಭೇಟಿ

ಜೂನ್ ಜುಲೈ ತಿಂಗಳುಗಳು ಈ ಗುಂಪುಗಳಿಗೆ ಕಷ್ಟದ ಕಾಲ. ಜೀಪು ನಿಲ್ಲುವ ಕಡೆಯಿಂದ ಮನೆಗೆ ಗದ್ದೆಯ ಬದುವಿನ ಮೇಲೆ ನಡೆಯಬೇಕು, ಇಲ್ಲವೇ ಗುಡ್ಡ ಹತ್ತಬೇಕು. ಚೀಲದಲ್ಲಿ ಇರುವುದು ಏನು ಎಂದು ನೋಡಿದರೆ ಅಂಥ ದೊಡ್ಡ ಯಂತ್ರಗಳೇನಿಲ್ಲ. ಹತ್ತಿ, ಬ್ಯಾಂಡೇಜು, ಕೈಗವಸು, ಮೂತ್ರಕ್ಕೆ ಹಾಕುವ ಕೊಳವೆ, ಬಿ.ಪಿ. ನೋಡುವ ಸಾಧನ, ಮಾತ್ರೆಗಳು, ಒಂದು ದಾಖಲೆ ಪುಸ್ತಕ. ದುರ್ವಾಸನೆ ಬರುವ ಕ್ಯಾನ್ಸರ್ ಹುಣ್ಣಿನ ಮೇಲೆ ಉದುರಿಸಲು ಮೆಟ್ರೋನಿಡಜೋಲ್ ಮಾತ್ರೆಯ ಪುಡಿ. ಭೇದಿಗೆ ಕೊಡುವ ಅದೇ ಅಗ್ಗದ ಮಾತ್ರೆ ಇದು. ವಾಸನೆಗೆ ಕಾರಣವಾದ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳನ್ನು ಇದು ಕೊಲ್ಲುತ್ತದೆ. ನಾಲ್ಕಾರು ದಿನಗಳಲ್ಲಿ ವಾಸನೆ ತಗ್ಗಿದರೆ, ಬಾಗಿಲ ಆಚೆ ನಿಂತು ಮಾತಾಡಿಸುತ್ತಿದ್ದ ಮೊಮ್ಮಗು ಒಳಗೆ ಬಂದು ಅಜ್ಜಿಯ ಪಕ್ಕ ಕೂರುತ್ತದೆ. ರೋಗ ಮಾತ್ರ ಇದ್ದಲ್ಲೇ ಇದೆ.

ಹೀಗೆ ಭೇಟಿ ಕೊಡುವ ಮನೆಗಳಲ್ಲಿ ಕ್ಯಾನ್ಸರ್ ರೋಗಿಗಳು ಒಂದು ಭಾಗ ಮಾತ್ರ. ಪಾರ್ಶ್ವವಾಯು ಬಡಿದವರು, ಮೂತ್ರಪಿಂಡ ಸೋತವರು, ಮರೆವಿನ ರೋಗದ ವೃದ್ಧರು ಸಾಕಷ್ಟು ಮಂದಿ. 2011ರ ಜನಗಣತಿಯ ಪ್ರಕಾರ ಕೇರಳದ ಜನರಲ್ಲಿ ಶೇಕಡಾ 12.6ರಷ್ಟು ಅರುವತ್ತು ದಾಟಿದವರು. ದೇಶದ ಸರಾಸರಿ ಶೇಕಡಾ 8.6 ಮಾತ್ರ. ಇನ್ನೊಂದು ವರ್ಗ ತೆಂಗಿನ ನಾಡಿಗೇ ವಿಶೇಷವಾದದ್ದು. ಮರ ಹತ್ತಿ ಕಾಯಿ ಕೀಳುವಾಗ ಬಿದ್ದು ಬೆನ್ನುಹುರಿ ಮುರಿದುಕೊಂಡ ಯುವಕರು. ಸೊಂಟದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ನೋವೇ ಗೊತ್ತಾಗದ ಇವರಿಗೆ ಬರುವ ದೊಡ್ಡ ಶತ್ರು ಹಾಸಿಗೆ ಹುಣ್ಣು.

ಹಾಸಿಗೆ ಹುಣ್ಣು ಹೇಗಾಗುತ್ತದೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಮಲಗಿದವನ ಭಾರವೆಲ್ಲ ಇಡೀ ಬೆನ್ನಿನ ಮೇಲೆ ಸಮನಾಗಿ ಹಂಚಿಹೋಗಿದ್ದರೆ ತೊಂದರೆಯಿಲ್ಲ. ಆದರೆ ಬೆನ್ನಿನ ಕೊನೆಯ ಮೂಳೆ, ಹಿಮ್ಮಡಿ, ಸೊಂಟದ ಮೂಳೆಯಂಥ ಉಬ್ಬಿದ ಜಾಗಗಳ ಮೇಲೆ ಭಾರ ಬೀಳುತ್ತದೆ, ವಿಸ್ತೀರ್ಣ ಕಡಿಮೆ, ಹಾಗಾಗಿ ಒತ್ತಡ ಹೆಚ್ಚು. ಚರ್ಮಕ್ಕೆ ರಕ್ತ ಕೊಡುವ ಲೋಮನಾಳಗಳೊಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು. ಹೊರಗಿನ ಒತ್ತಡ ಅದಕ್ಕಿಂತ ಹೆಚ್ಚಾಗಿ, ಹೆಚ್ಚು ಹೊತ್ತು ಹಾಗೆಯೇ ಉಳಿದರೆ ರಕ್ತ ಹರಿಯದೆ ಆ ಜಾಗದ ಜೀವಕೋಶಗಳು ಸಾಯತೊಡಗುತ್ತವೆ. ಆರೋಗ್ಯವಂತನಿಗೆ ಅಷ್ಟರಲ್ಲಿ ಮೈ ಜೋಮು ಹಿಡಿದಂತಾಗಿ, ನಿದ್ದೆಯಲ್ಲೇ ಹೊರಳುತ್ತಾನೆ. ಬೆನ್ನುಹುರಿ ಮುರಿದವನಿಗೆ ಆ ಸಂದೇಶ ಮಿದುಳಿಗೆ ಮುಟ್ಟುವುದೇ ಇಲ್ಲ. ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನೀರಿನ ಹಾಸಿಗೆ ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ನೀರು ಮೈಯ ಆಕಾರಕ್ಕೆ ಹೊಂದಿಕೊಂಡು ತಾಗುವ ವಿಸ್ತೀರ್ಣವನ್ನು ಹೆಚ್ಚಿಸುತ್ತದೆ, ಒತ್ತಡ ತಗ್ಗುತ್ತದೆ.

ಇದನ್ನೆಲ್ಲ ಸ್ವಯಂಸೇವಕರು ಮನೆಯ ಹೆಂಗಸರಿಗೆ ಹೇಳಿಕೊಡುತ್ತಾರೆ. ಸೂತ್ರ ಹೇಳುವುದಿಲ್ಲ, ಕೈಹಿಡಿದು ತೋರಿಸುತ್ತಾರೆ. ಎರಡು ಗಂಟೆ ಎಂದರೆ ಗಡಿಯಾರ ನೋಡದ ಮನೆಯಲ್ಲಿ ಯಾವ ಯಾವ ಕೆಲಸದ ನಡುವೆ ಎಂದು ಹೊಂದಿಸಿ ಕೊಡುತ್ತಾರೆ. ಮೊದಲ ಐದು ನಿಮಿಷ ಮಾತ್ರ ರೋಗದ ಬಗ್ಗೆ ಒಂದೂ ಪ್ರಶ್ನೆ ಇರುವುದಿಲ್ಲ. ‘ಉಮ್ಮಾ, ಗಂಜಿ ಕುಡಿದಿರಾ? ನಿನ್ನೆಯ ಗಾಳಿಗೆ ಮಾಡಿನ ಹೆಂಚು ಹಾರಲಿಲ್ಲ ತಾನೆ?’ ಇಂಥ ಮಾತು. ತರಬೇತಿಯಲ್ಲಿ ಕಲಿಸುವ ದೊಡ್ಡ ಪಾಠವೂ ಕೇಳಿಸಿಕೊಳ್ಳುವುದೇ. ‘ಏನೂ ಆಗುವುದಿಲ್ಲ, ಹೆದರಬೇಡಿ’ ಎಂಬ ಸುಳ್ಳು ಧೈರ್ಯ ಹೇಳಕೂಡದು, ಉಪದೇಶ ಮಾಡಕೂಡದು, ಕಣ್ಣೀರು ಬಂದರೆ ತಡೆಯಕೂಡದು. ಕೇಳಲು ಸುಲಭವೆನ್ನಿಸುವ ಈ ಪಾಠ ಎಷ್ಟು ಕಷ್ಟದ್ದು ಎಂಬುದು ರೋಗಿಯನ್ನು ನೋಡಲು ಹೋಗಿ ಬಂದ ಎಲ್ಲರಿಗೂ ಗೊತ್ತು.

ಆಗಸ್ಟ್ ಬಂದರೆ ಕೇರಳದವರು ಈಗ ಆಕಾಶ ನೋಡುತ್ತಾರೆ. 2018ರ ಆಗಸ್ಟಿನ ಮಹಾಪೂರ, 2019ರ ಆಗಸ್ಟಿನಲ್ಲಿ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದದ್ದು, 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ನೀರು ಏರುವಾಗ ಕಾಲಿದ್ದವರು ಎತ್ತರಕ್ಕೆ ಓಡುತ್ತಾರೆ. ಹಾಸಿಗೆ ಹಿಡಿದವರು ಯಾವ ಮನೆಯ ಯಾವ ಕೋಣೆಯಲ್ಲಿದ್ದಾರೆ, ಯಾರಿಗೆ ಆಮ್ಲಜನಕ ಬೇಕು, ಯಾರಿಗೆ ಡಯಾಲಿಸಿಸ್ ದಿನ ಇಂದು ಎಂಬ ವಿವರ ಇರುವುದು ಇಂಥ ಗುಂಪುಗಳ ದಾಖಲೆ ಪುಸ್ತಕದಲ್ಲಿ. ಸಾಮಾನ್ಯ ದಿನಗಳಲ್ಲಿ ಬರೆದಿಟ್ಟ ಪುಸ್ತಕ ಅಸಾಮಾನ್ಯ ದಿನಗಳಲ್ಲಿ ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಜ್ವರ ಬಂದಾಗ, 2020ರಲ್ಲಿ ಕೋವಿಡ್ ಬಂದು ಎಲ್ಲರ ಮನೆಬಾಗಿಲು ಮುಚ್ಚಿದಾಗ, ಮನೆಭೇಟಿಯನ್ನೇ ನಂಬಿದ ಕೆಲಸ ಬಹಳ ಇಕ್ಕಟ್ಟಿಗೆ ಸಿಕ್ಕಿತು. ಕ್ಯಾನ್ಸರ್ ನೋವು ಲಾಕ್‌ಡೌನ್ ಎಂದರೆ ಸುಮ್ಮನಿರುವುದಿಲ್ಲವಲ್ಲ.

ಓಣಂ ಹಬ್ಬಕ್ಕೆ ರೋಗಿಗಳ ಮನೆಗೆ ಅಕ್ಕಿ, ಬೇಳೆ, ಬಟ್ಟೆಯ ಪೊಟ್ಟಣ ಹೋಗುತ್ತದೆ. ಬಡ ಕುಟುಂಬಗಳಿಗೆ ದಿನಸಿ ಒದಗಿಸುವುದು ಹಬ್ಬದ ಕೆಲಸ ಮಾತ್ರವಲ್ಲ, ವರ್ಷವಿಡೀ ನಡೆಯುವಂಥದು.

ಒಂದು ಮಾತ್ರೆಯ ಕಥೆ

ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಹೊಸ ಸ್ವಯಂಸೇವಕರ ತರಬೇತಿಗೆ ಅನುಕೂಲದ ಕಾಲ. ಅಲ್ಲಿ ಬಂದು ಕುಳಿತವರಿಗೆ ಹೆಚ್ಚು ಅನುಮಾನ ಇರುವುದು ಒಂದು ಚಿಕ್ಕ ಬಿಳಿ ಮಾತ್ರೆಯ ಬಗ್ಗೆ. ಅದು ಮಾರ್ಫಿನ್. ‘ಅಫೀಮಿನಿಂದ ಮಾಡಿದ್ದಲ್ಲವೆ? ಚಟ ಹತ್ತುವುದಿಲ್ಲವೆ?’ ಎಂದು ಕೇಳದ ತಂಡವಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಈ ಕಥೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ ಅಫೀಮಿನ ಗಿಡ. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬಲಿಯದ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. 1805ರ ಸುಮಾರಿಗೆ ಜರ್ಮನಿಯಲ್ಲಿ ಔಷಧದಂಗಡಿಯ ಸಹಾಯಕನಾಗಿದ್ದ ಸರ್ಟುರ್ನರ್ ಎಂಬ ಯುವಕ ಅದರಿಂದ ಒಂದು ಹರಳನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕೆ ಇಟ್ಟ. ಗಿಡದ ರಸವೊಂದು ಮನುಷ್ಯನ ನೋವನ್ನು ಏಕೆ ತಣಿಸಬೇಕು ಎಂಬ ಒಗಟು ಬಿಡಿಸಿಕೊಳ್ಳಲು ಮತ್ತೆ ನೂರಎಪ್ಪತ್ತು ವರ್ಷ ಬೇಕಾಯಿತು. 1973ರಲ್ಲಿ ಮಿದುಳಿನ ಜೀವಕೋಶಗಳ ಮೇಲೆ ಮಾರ್ಫಿನ್ ಬಂದು ಕೂರುವ ಗ್ರಾಹಕಗಳು ಕಂಡವು. ಬೀಗ ಇದೆಯೆಂದ ಮೇಲೆ ದೇಹದ ಸ್ವಂತ ಬೀಗದ ಕೈಯೂ ಇರಲೇಬೇಕಲ್ಲ! 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹಂದಿಯ ಮಿದುಳಿನಿಂದ ಎನ್ಕೆಫಲಿನ್ ಎಂಬ ವಸ್ತುವನ್ನು ತೆಗೆದು ತೋರಿಸಿದರು. ಅಪಘಾತದಲ್ಲಿ ಗಾಯವಾದವರಿಗೆ ಕೆಲವು ಕ್ಷಣ ನೋವೇ ತಿಳಿಯದಿರುವುದರ ಹಿಂದೆ ಇಂಥ ವಸ್ತುಗಳ ಪಾತ್ರವಿದೆ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಒಂದು ಸರಳ ಏಣಿಯನ್ನು ಹಾಕಿಕೊಟ್ಟಿತು. ಮೊದಲ ಮೆಟ್ಟಿಲು ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಮಾತ್ರೆ, ಎರಡನೆಯದು ಕೊಡೀನ್‌ನಂಥದು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಸೂಜಿ ಬೇಡ, ಬಾಯಿಯ ಮೂಲಕ ಕೊಡಿ; ನೋವು ಬಂದ ಮೇಲಲ್ಲ, ಗಡಿಯಾರ ನೋಡಿಕೊಂಡು ಬರುವ ಮುನ್ನವೇ ಕೊಡಿ ಎಂಬುದು ಅದರ ಸಾರ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಂದು. ನಡುರಾತ್ರಿ ರೋಗಿಯನ್ನು ಎಬ್ಬಿಸದಿರಲು ಮಲಗುವಾಗ ಎರಡು ಪಾಲು. ಮಲಬದ್ಧತೆ ಆಗೇ ಆಗುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಮಾತ್ರೆ. ಪ್ರಮಾಣವನ್ನು ವೈದ್ಯರು ಸಣ್ಣದರಿಂದ ಆರಂಭಿಸಿ ನೋವಿಗೆ ತಕ್ಕಂತೆ ಏರಿಸುತ್ತಾರೆ. ಹೀಗೆ ಅಳೆದು ಕೊಟ್ಟ ನೋವಿನ ರೋಗಿಗೆ ಬೀದಿಯ ವ್ಯಸನಿಯಂತೆ ಚಟ ಹತ್ತುವುದು ವಿರಳ. ಅನೇಕರು ಅದನ್ನು ತೆಗೆದುಕೊಂಡು ಎದ್ದು ಕೂತು, ಮನೆಯವರೊಡನೆ ಊಟ ಮಾಡುತ್ತಾರೆ.

ಇಷ್ಟು ಅಗ್ಗದ, ಇಷ್ಟು ಹಳೆಯ ಔಷಧ ಸಿಗಲು ಏನು ಕಷ್ಟ ಎಂದು ಮಕ್ಕಳು ಕೇಳಬಹುದು. ಜಗತ್ತಿಗೇ ಕಾನೂನುಬದ್ಧವಾಗಿ ಅಫೀಮು ಬೆಳೆದುಕೊಡುವ ದೇಶ ಭಾರತ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಬೆಳೆಯುತ್ತಾರೆ. ಗಾಜೀಪುರ, ನೀಮಚ್‌ಗಳಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. ಆದರೆ 1985ರ ಮಾದಕ ವಸ್ತು ನಿಯಂತ್ರಣ ಕಾಯಿದೆ ಬಂದ ಮೇಲೆ ಕಳ್ಳಸಾಗಣೆದಾರನಿಗೆ ಹಾಕಿದ ಬೇಲಿಯೊಳಗೆ ರೋಗಿಯೂ ಸಿಕ್ಕಿಬಿದ್ದ. ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕಾದರೆ ಬೇರೆ ಬೇರೆ ಇಲಾಖೆಗಳ ಹಲವು ಪರವಾನಗಿಗಳು ಬೇಕು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಶಿಕ್ಷೆಯ ಭಯದಿಂದ ಅಂಗಡಿಯವರು, ಆಸ್ಪತ್ರೆಯವರು ಅದನ್ನು ಇಡುವುದನ್ನೇ ಬಿಟ್ಟರು. 1997ರಲ್ಲಿ ಇಡೀ ದೇಶ ಬಳಸಿದ ಮಾರ್ಫಿನ್ ಸುಮಾರು 18 ಕಿಲೋ ಮಾತ್ರ. ನಾಲ್ಕಾರು ಶಾಲಾ ಚೀಲಗಳ ತೂಕ!

ಮಾರ್ಫಿನ್ ಮನೆಗೆ ಕಳಿಸಿದರೆ ಕಳ್ಳರ ಪಾಲಾಗುತ್ತದೆ ಎಂಬ ವಾದಕ್ಕೆ ಕೋಯಿಕ್ಕೋಡಿನವರು ಮಾತಿನಿಂದಲ್ಲ, ಲೆಕ್ಕದಿಂದ ಉತ್ತರ ಕೊಟ್ಟರು. ಎರಡು ವರ್ಷಗಳಲ್ಲಿ ಬಾಯಿಯ ಮೂಲಕ ಮಾರ್ಫಿನ್ ಪಡೆದ 1,723 ರೋಗಿಗಳ ದಾಖಲೆ ತೆಗೆದು, ಅದರಲ್ಲಿ ಒಂದೂ ದುರುಪಯೋಗದ ಪ್ರಕರಣ ಕಾಣಲಿಲ್ಲವೆಂದು ರಾಜಗೋಪಾಲ್ ಮತ್ತು ಸಂಗಡಿಗರು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಕಾಯಿದೆಗೆ ತಿದ್ದುಪಡಿ ಬಂದದ್ದು 2014ರಲ್ಲಿ. ಅಂದಿನಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ಒಂದೇ ಇಲಾಖೆಯ ಅನುಮತಿ ಸಾಕು. ನಡುವಿನ ಆ ಮೂವತ್ತು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ರಾತ್ರಿಗಳು ಕೂಗಿನಲ್ಲಿ ಕಳೆದವೋ, ಅದನ್ನು ಯಾವ ಇಲಾಖೆಯೂ ಲೆಕ್ಕ ಇಟ್ಟಿಲ್ಲ.

ಜನವರಿಯ ಪೆಟ್ಟಿಗೆ, ಮಾರ್ಚಿಯ ಪರೀಕ್ಷೆ

ಜನವರಿ 15 ಕೇರಳದಲ್ಲಿ ಪ್ಯಾಲಿಯೇಟಿವ್ ಕೇರ್ ದಿನ. ಆ ದಿನ ಊರೂರಿನಲ್ಲಿ ಮೆರವಣಿಗೆ, ಸಭೆ, ಹಣ ಸಂಗ್ರಹ. ಶಾಲಾ ಕಾಲೇಜುಗಳ ಮಕ್ಕಳು ಗುಂಪಾಗಿ ಹೊರಡುತ್ತಾರೆ. ಗಾಲಿಕುರ್ಚಿಯಲ್ಲಿ ಕೂತವರನ್ನು ಸಮುದ್ರ ದಂಡೆಗೋ ಉದ್ಯಾನಕ್ಕೋ ಕರೆದೊಯ್ಯುವ ಕಾರ್ಯಕ್ರಮಗಳೂ ಈ ದಿನಗಳಲ್ಲಿ ಇರುತ್ತವೆ. ವರ್ಷಗಟ್ಟಲೆ ಮಾಡಿನ ಹೆಂಚು ಮಾತ್ರ ನೋಡಿದವರಿಗೆ ಅಲೆ ನೋಡುವುದು ಎಂಥ ಸಂಭ್ರಮ ಎಂದು ಹೇಳಬೇಕಾಗಿಲ್ಲ.

ಇನ್ನು ಹಣದ ಮಾತು. ಇಷ್ಟು ದೊಡ್ಡ ಜಾಲ ನಡೆಯುವುದು ಯಾವುದೋ ವಿದೇಶಿ ನಿಧಿಯಿಂದ ಇರಬೇಕು ಎಂದುಕೊಂಡರೆ ಅದು ತಪ್ಪು. ಹಣದ ಬಹುಪಾಲು ಹುಟ್ಟುವುದು ಆಯಾ ಊರಿನಲ್ಲೇ, ಅದೂ ಚಿಲ್ಲರೆ ರೂಪದಲ್ಲಿ. ಅಂಗಡಿಯ ಗಲ್ಲಾದ ಪಕ್ಕ ಇಟ್ಟ ಡಬ್ಬ, ಮನೆಗಳ ಡಬ್ಬ, ಕೂಲಿಯವರ ದಿನದ ಒಂದೆರಡು ರೂಪಾಯಿ. ಖಾಸಗಿ ಬಸ್ಸಿನವರು ಒಂದು ದಿನದ ಗಳಿಕೆಯನ್ನು ಕೊಟ್ಟುಬಿಡುವುದೂ ಉಂಟು. ಅಂದು ಕಂಡಕ್ಟರು ಟಿಕೆಟಿಗೆ ಬದಲು ಡಬ್ಬ ಹಿಡಿದು ಬರುತ್ತಾನೆ. ಒಂದು ಸಾವಿರ ಮನೆಗಳು ದಿನಕ್ಕೆ ಒಂದು ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ 3,65,000 ರೂಪಾಯಿ ಆಗುತ್ತದೆ. ಈ ಗುಣಾಕಾರ ಐದನೆಯ ತರಗತಿಯ ಮಗುವಿಗೂ ಬರುತ್ತದೆ. ಡಬ್ಬ ಇಡುವವರು, ತಿಂಗಳಿಗೊಮ್ಮೆ ಹೋಗಿ ತೆಗೆದು ಎಣಿಸಿ ರಸೀದಿ ಕೊಡುವವರು ಬೇಕು, ಅಷ್ಟೆ. ಗಲ್ಫ್ ದೇಶಗಳಲ್ಲಿ ದುಡಿಯುವ ಮಲಪ್ಪುರದವರೂ ಊರಿನ ಕ್ಲಿನಿಕ್ಕನ್ನು ಮರೆಯುವುದಿಲ್ಲ. ರಮ್ಜಾನ್ ತಿಂಗಳಲ್ಲಿ ದಾನದ ಹರಿವು ಹೆಚ್ಚು. ಚಾಂದ್ರಮಾನ ವರ್ಷ 354 ದಿನಗಳದ್ದಾದ್ದರಿಂದ ಈ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಖಜಾಂಚಿಯಾದವರು ಆಯವ್ಯಯ ಹಾಕುವಾಗ ಪಂಚಾಂಗವನ್ನೂ ನೋಡಬೇಕು! ರೋಗಿ ಯಾವ ಜಾತಿ, ಯಾವ ಮತ, ಯಾವ ಪಕ್ಷ ಎಂದು ಇಲ್ಲಿ ಕೇಳುವುದಿಲ್ಲ. ಪಕ್ಷ ರಾಜಕೀಯ ಗಾಳಿಯಲ್ಲೇ ಇರುವ ಕೇರಳದಲ್ಲಿ ಇದು ಸಣ್ಣ ಮಾತಲ್ಲ.

ಜನರೇ ಕಟ್ಟಿದ್ದನ್ನು ಸರ್ಕಾರ ಕೂಡ ಕಂಡಿತು. 2008ರ ಏಪ್ರಿಲ್‌ನಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಗೆಂದೇ ನೀತಿಯೊಂದನ್ನು ಪ್ರಕಟಿಸಿತು. ದೇಶದಲ್ಲಿ ಇದೇ ಮೊದಲು. ಆಮೇಲೆ ಪಂಚಾಯಿತಿಗಳು ತಮ್ಮ ಯೋಜನೆಯ ಹಣದಿಂದ ನರ್ಸ್‌ಗಳನ್ನು ನೇಮಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮನೆಭೇಟಿ ನಡೆಸತೊಡಗಿದವು. 2010ರಲ್ಲಿ ಲಂಡನ್ನಿನ ‘ಇಕನಾಮಿಸ್ಟ್’ ಬಳಗದ ಸಂಶೋಧನಾ ವಿಭಾಗ 40 ದೇಶಗಳಲ್ಲಿ ಜನರ ಕೊನೆಯ ದಿನಗಳು ಹೇಗಿರುತ್ತವೆಂದು ಅಳೆದಾಗ ಭಾರತ ಬಂದದ್ದು 40ನೆಯ ಸ್ಥಾನಕ್ಕೆ. ಅದೇ ವರದಿ, ದೇಶದ ಜನಸಂಖ್ಯೆಯಲ್ಲಿ ಶೇಕಡಾ 3ರಷ್ಟಿರುವ ಕೇರಳವೊಂದೇ ದೇಶದ ಉಪಶಮನ ಸೇವೆಯ ಮೂರರಲ್ಲಿ ಎರಡು ಪಾಲನ್ನು ಒದಗಿಸುತ್ತಿದೆಯೆಂದೂ ಹೇಳಿತು. ಹಾಗೆಂದು ಎಲ್ಲ ಸರಿಯಿದೆ ಎಂದಲ್ಲ. ಸಂಬಳದ ಕೆಲಸವಾದಾಗ ‘ಈ ತಿಂಗಳು ಎಷ್ಟು ಮನೆ’ ಎಂಬ ಸಂಖ್ಯೆ ಮುಂದೆ ಬಂದು, ಆ ಮನೆಯಲ್ಲಿ ಎಷ್ಟು ಹೊತ್ತು ಕೂತರು ಎಂಬುದು ಹಿಂದೆ ಸರಿಯುವ ಅಪಾಯ ಇದ್ದೇ ಇದೆ. ನರ್ಸ್‌ನ ಜೊತೆಗೆ ಊರಿನ ಸ್ವಯಂಸೇವಕರೂ ಜೀಪು ಹತ್ತುವ ಕಡೆ ಆ ಅಪಾಯ ಕಡಿಮೆ.

ಕೇರಳದ ಈ ಪಂಚಾಯಿತಿ ವ್ಯವಸ್ಥೆ ಕನ್ನಡ ಮಾತಾಡುವ ಮನೆಗಳಿಗೂ ತಲುಪುತ್ತದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆ, ಸ್ವರ್ಗ ಮುಂತಾದ ಊರುಗಳ ಹೆಸರನ್ನು ನಮ್ಮ ಓದುಗರು ಎಂಡೋಸಲ್ಫಾನ್ ಸುದ್ದಿಗಳಲ್ಲಿ ಕೇಳಿದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಆ ಕೀಟನಾಶಕವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆಜ್ಞೆ ಮಾಡಿತು. ಹಣ ಬಂದರೂ ಮೂವತ್ತು ವರ್ಷದ ಮಗನನ್ನು ಮಗುವಿನಂತೆ ಎತ್ತಿ ಸ್ನಾನ ಮಾಡಿಸುವ ತಾಯಿಗೆ ವಯಸ್ಸಾಗುವುದು ನಿಲ್ಲುವುದಿಲ್ಲ. ಅಂಥ ಮನೆಗೆ ‘ಅಮ್ಮಾ, ಇವತ್ತು ನಾವು ಮೀಯಿಸುತ್ತೇವೆ, ನೀವು ಸ್ವಲ್ಪ ಮಲಗಿ’ ಎನ್ನುವವರು ಬೇಕು. ಇತ್ತ ಕರ್ನಾಟಕದಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿ, ಅದರ ‘ಕರುಣಾಶ್ರಯ’ 1999ರಲ್ಲಿ ತೆರೆಯಿತು. ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಅದು ಹಾಸಿಗೆಗಳಿರುವ ಆಶ್ರಯ. ಕೇರಳದ್ದು ಹೆಚ್ಚಾಗಿ ಮನೆಯಲ್ಲೇ ಕೊಡುವ ಆಸರೆ. ಎರಡರ ಅಗತ್ಯವೂ ಇದೆ.

ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ವಿದ್ಯಾರ್ಥಿ ಸ್ವಯಂಸೇವಕರಿಗೆ ರಜೆ. ಆದರೆ ರೋಗಿಯ ಮನೆಯಲ್ಲೂ ಪರೀಕ್ಷೆ ಬರೆಯುವ ಮಗುವಿದ್ದರೆ ಕೆಲಸ ಹೆಚ್ಚಾಗುತ್ತದೆ. ತಂದೆ ನರಳುತ್ತಿರುವ ಒಂದೇ ಕೋಣೆಯ ಮನೆಯಲ್ಲಿ ಓದುವುದೆಲ್ಲಿ? ಸಂಜೆ ಎರಡು ಗಂಟೆ ಪಕ್ಕದ ಮನೆಯ ಜಗಲಿಯಲ್ಲಿ ಜಾಗ ಮಾಡಿಕೊಡುವುದು, ಅಷ್ಟು ಹೊತ್ತು ತಂದೆಯ ಬಳಿ ಬೇರೊಬ್ಬರು ಕೂರುವುದು, ಶುಲ್ಕ, ಪುಸ್ತಕ, ಬಸ್ ಚಾರ್ಜು ನೋಡಿಕೊಳ್ಳುವುದು, ಇದು ಯಾವ ವೈದ್ಯಗ್ರಂಥದಲ್ಲೂ ಇಲ್ಲದ ಚಿಕಿತ್ಸೆ. ಮಗಳು ಪರೀಕ್ಷೆಗೆ ಹೋಗಿದ್ದಾಳೆ ಎಂದು ತಿಳಿದ ತಂದೆಯ ನೋವು ಅಂದು ಸ್ವಲ್ಪ ಕಡಿಮೆಯಾದರೆ ಸಾಂಡರ್ಸ್ ಅವರ ವಿಚಾರ ಬಲ್ಲವರಿಗೆ ಆಶ್ಚರ್ಯವಾಗದು. ಪಾಲಕರು ಕೆಲವರು, ಮಕ್ಕಳನ್ನು ರೋಗಿಗಳ ಮನೆಗೆ ಕಳಿಸಿದರೆ ಅವರ ಮನಸ್ಸು ಕೆಡುತ್ತದೆಂದು ಅಂಜುತ್ತಾರೆ. ಎಳೆಯರನ್ನು ಹುಣ್ಣಿನ ಮುಂದೆ ನಿಲ್ಲಿಸುವವರು ಯಾರೂ ಇಲ್ಲ. ಪತ್ರಿಕೆ ಓದಿ ಹೇಳುವುದು, ಔಷಧದ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಸೂರ್ಯ ಚಂದ್ರನ ಚಿತ್ರ ಬರೆದು ಹಗಲು ರಾತ್ರಿಯ ಮಾತ್ರೆ ಗುರುತಿಸಿಕೊಡುವುದು, ಡಬ್ಬದ ಚಿಲ್ಲರೆ ಎಣಿಸುವುದು, ಹತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ಮಾಡಬಲ್ಲ ಕೆಲಸಗಳೇ.

ಏಪ್ರಿಲ್ ಮೇ ತಿಂಗಳಲ್ಲಿ ಕೊಡೆಗಳ ಕೆಲಸ ಜೋರು. ಬೆನ್ನುಹುರಿ ಮುರಿದು ಮಲಗಿದವರು ಹಲವರು ಕೊಡೆ ಜೋಡಿಸುವುದನ್ನು ಕಲಿತಿದ್ದಾರೆ. ಕೈಗಳು ಗಟ್ಟಿಯಾಗಿರುವುದರಿಂದ ಕಡ್ಡಿಗೆ ಬಟ್ಟೆ ಹೊಲಿಯುವುದು ಮಲಗಿದಲ್ಲೇ ಆಗುತ್ತದೆ. ಮಳೆಗೆ ಮುಂಚೆ ಮಾರಾಟವಾಗಬೇಕು. ಸ್ವಯಂಸೇವಕರು ಶಾಲೆ, ಕಚೇರಿ, ಬ್ಯಾಂಕುಗಳಲ್ಲಿ ಮೊದಲೇ ಬೇಡಿಕೆ ಬರೆದುಕೊಂಡು ಬರುತ್ತಾರೆ. ದುಡ್ಡು ಕೈಗೆ ಬಂದ ದಿನ ಆತ ಮತ್ತೆ ಮನೆಗೆ ತರುವವನಾಗುತ್ತಾನೆ.

ವರ್ಷದ ಲೆಕ್ಕ ಬರೆಯುವಾಗ ದಾಖಲೆ ಪುಸ್ತಕದಲ್ಲಿ ಹಲವು ಹೆಸರುಗಳ ಮುಂದೆ ಗೆರೆ ಎಳೆದಿರುತ್ತದೆ. ಈ ಕೆಲಸದಲ್ಲಿ ಅದು ಸೋಲಿನ ಗುರುತಲ್ಲ. ಆದರೂ ಭೇಟಿ ಅಲ್ಲಿಗೆ ನಿಲ್ಲುವುದಿಲ್ಲ. ಉತ್ತರಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಮನೆ ಖಾಲಿಯಾಗುತ್ತದೆ. ಆಗ ಒಂದು ದಿನ ಜೀಪು ಮತ್ತೆ ಬಂದು ನಿಲ್ಲುತ್ತದೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯವರ ಎದುರಿಗೇ ಎಣಿಸಿ ಪುಸ್ತಕದಲ್ಲಿ ಬರೆದು ಕ್ಲಿನಿಕ್ಕಿಗೆ ಒಯ್ಯುತ್ತಾರೆ. ನೀರಿನ ಹಾಸಿಗೆಯನ್ನು ಮಡಚಿ, ಅಂಗಳದಲ್ಲಿ ಸಾಬೂನು ಹಾಕಿ ತೊಳೆದು, ಬಿಸಿಲಿಗೆ ಹರವುತ್ತಾರೆ. ಒಣಗುವ ತನಕ ಜಗಲಿಯಲ್ಲಿ ಕೂತು ಸತ್ತವರ ಮಾತಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಜೀಪಿನ ಹಿಂಬದಿಗೆ ಏರುತ್ತದೆ. ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬರು ಅದಕ್ಕಾಗಿ ಕಾಯುತ್ತಿದ್ದಾರೆ.